ಅಕ್ಕ ಮಾತ್ರೆ ಎಸೆದ ದಿನಗಳು

ಲೂಪಸ್ ಎಂದು ಗೊತ್ತಾದ ವರ್ಷ ಅಕ್ಕನಿಗೆ ಬೆಳಗಾದರೆ ಬೆರಳು ಮಡಚಲೂ ಆಗುತ್ತಿರಲಿಲ್ಲ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ ಅದು. ಶಿವಮೊಗ್ಗದ ಡಾಕ್ಟರು ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟರು. ಸ್ವಲ್ಪ ದಿನದಲ್ಲೇ ಅವಳು ಬಾವಿಯಿಂದ ತಾನೇ ನೀರು ಸೇದಿದಳು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಮೊದಲ ಸಲ ಇದೇ ಜಾತಿಯ ಕಾರ್ಟಿಸೋನ್ ಕೊಟ್ಟಾಗಲೂ ಸಂಧಿವಾತದಿಂದ ನಡೆಯಲಾಗದಿದ್ದ ಹೆಂಗಸೊಬ್ಬಳು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದ್ದಳಂತೆ.

ಆಮೇಲೆ ಹಸಿವು ಶುರುವಾಯಿತು. ಎಂಥ ಹಸಿವು ಅಂತೀರಿ! ರಾತ್ರಿ ಹೊಟ್ಟೆ ತುಂಬ ಉಂಡವಳು ಮತ್ತೆ ಎದ್ದು ಅವಲಕ್ಕಿ ಡಬ್ಬಿಗೆ ಕೈಹಾಕುತ್ತಿದ್ದಳು. ನಿದ್ದೆ ಹಾರಿಹೋಗಿ, ಊರೆಲ್ಲ ಮಲಗಿದ ಹೊತ್ತಿನಲ್ಲಿ ಬಚ್ಚಲೊಲೆಯ ಬೂದಿ ತೆಗೆದುಕೊಂಡು ಹಿತ್ತಾಳೆ ಚೊಂಬು ಉಜ್ಜುತ್ತಾ ಕೂರುತ್ತಿದ್ದಳು. ಕೆನ್ನೆ ಊದಿ ಕಣ್ಣು ಸಣ್ಣದಾಯಿತು. ಸಣ್ಣ ಮಾತಿಗೂ ಅಳು. ಮಾತ್ರೆಯ ಪ್ರಮಾಣ ಇಳಿದಂತೆ ಇದೂ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಕನ್ನಡಿ ಮುಂದೆ ನಿಂತ ಹುಡುಗಿಗೆ ಆ ಮಾತು ಎಷ್ಟು ಧೈರ್ಯ ಕೊಟ್ಟೀತು?

ಅತ್ತೆ ಮಗನ ಮದುವೆಗೆ ಹೋದಾಗ ನೆಂಟರೊಬ್ಬರು ಅವಳ ಗಲ್ಲ ಹಿಡಿದು, “ಏನೇ, ಕಾಯಿಲೆ ಅಂದ್ರು, ಒಳ್ಳೆ ಮೈ ಬಂದಿದೆಯಲ್ಲೇ!” ಎಂದರು. ಪಂಕ್ತಿಯಲ್ಲಿ ಅಕ್ಕ ಹೋಳಿಗೆ ಮುಟ್ಟಲಿಲ್ಲ. ಮರುದಿನದಿಂದ ಅವಳು ಶೀಟಿನಿಂದ ಮಾತ್ರೆ ಬಿಡಿಸಿ ಹಿತ್ತಲಿಗೆ ಎಸೆಯತೊಡಗಿದಳು. ಖಾಲಿ ಶೀಟು ನೋಡಿ ಅಮ್ಮನಿಗೆ ಸಮಾಧಾನ.

ಕೆಲವೇ ದಿನ. ವಾಂತಿ, ಹೊಟ್ಟೆನೋವು, ಎದ್ದು ನಿಂತರೆ ತಲೆಸುತ್ತು. ಒಂದು ಬೆಳಿಗ್ಗೆ ಬಚ್ಚಲ ಬಾಗಿಲಲ್ಲೇ ಕುಸಿದಳು. ಪಕ್ಕದ ಮನೆಯ ಜೀಪಿನಲ್ಲಿ ಅಪ್ಪ ಅವಳನ್ನು ಆಸ್ಪತ್ರೆಗೆ ಸಾಗಿಸಿದರು. ಬಿಪಿ ತೀರಾ ಇಳಿದಿತ್ತು. ಡಾಕ್ಟರು ಕೇಳಿದ ಮೊದಲ ಮಾತು: “ಮಾತ್ರೆ ನಿಲ್ಲಿಸಿದ್ದೀಯೇನಮ್ಮಾ?” ಅಕ್ಕ ಹೂಂ ಎಂದು ತಲೆಯಾಡಿಸಿದಳು. ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟು, ಸಲೈನ್ ಏರಿಸಿದರು. ಸಂಜೆಗೆ ಕಾಫಿ ಕೇಳಿದಳು.

ಡಾಕ್ಟರು ಹಾಸಿಗೆ ಪಕ್ಕ ಕೂತು ಬಿಡಿಸಿ ಹೇಳಿದರು. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿ ದಿನಾ ಕಾರ್ಟಿಸಾಲ್ ತಯಾರಿಸುತ್ತದೆ. ಅದೇ ಕೆಲಸವನ್ನು ಮಾತ್ರೆ ಬಹಳ ದಿನ ಮಾಡಿದರೆ ಗ್ರಂಥಿ ಸುಮ್ಮನಾಗುತ್ತದೆ. ಮಾತ್ರೆ ಥಟ್ಟನೆ ನಿಂತರೆ ಅದು ಕೂಡಲೇ ಏಳುವುದಿಲ್ಲ, ತಿಂಗಳುಗಳೇ ಹಿಡಿಯಬಹುದು. ಅದಕ್ಕೇ ಪ್ರಮಾಣವನ್ನು ಸ್ವಲ್ಪಸ್ವಲ್ಪವೇ ಇಳಿಸುವುದು.

ಅಲ್ಲಿಂದ ಬೆಳಿಗ್ಗೆ ತಿಂಡಿಯಾದ ಮೇಲೆ ಮಾತ್ರೆ. ರಾತ್ರಿ ನಿದ್ದೆ ಅಷ್ಟಿಷ್ಟು ಮರಳಿತು. ಉಪ್ಪು, ಸಿಹಿ ಕಡಿಮೆಯಾಯಿತು. ಮೂಳೆ ಸವೆಯದಂತೆ ಕ್ಯಾಲ್ಸಿಯಂ, ವಿಟಮಿನ್ ಡಿ. ಆಗಾಗ ಕಣ್ಣು, ಸಕ್ಕರೆ ಪರೀಕ್ಷೆ. ಅಕ್ಕನ ಪರ್ಸಿನಲ್ಲಿ ಈಗಲೂ ಒಂದು ಚೀಟಿ ಇದೆ: ‘ನಾನು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೇನೆ.’ ಪ್ರಮಾಣ 5 ಮಿಲಿಗ್ರಾಂಗೆ ಇಳಿದಿದೆ, ಮುಖವೂ ಇಳಿದಿದೆ.

ನಿಮ್ಮ ನೆಂಟರಿಷ್ಟರಲ್ಲಿ ಯಾರಾದರೂ ಈ ಮಾತ್ರೆ ನುಂಗುತ್ತಿದ್ದರೆ, ದಯವಿಟ್ಟು ಅವರ ಮುಖದ ಮಾತೆತ್ತಬೇಡಿ. ಮಾತ್ರೆ ತೆಗೆದುಕೊಂಡೆಯಾ ಎಂದಷ್ಟೇ ಕೇಳಿ.