ಕೊಯ್ಲಿನ ಮನೆಯ ಲೆಕ್ಕ

ಸಾಲ್ಕಣಿ ಕಡೆಯ ಕಾಡಿನಲ್ಲಿ ಜನ ಮರ ಅಪ್ಪಿ ನಿಂತದ್ದು 1983ರ ಸೆಪ್ಟೆಂಬರಿನಲ್ಲಿ. ನಾನು ಸಿದ್ದಾಪುರದ ಸೀಮೆಗೆ ಹೋದದ್ದು ಅದರ ಮರುವರ್ಷದ ಚಳಿಗಾಲ. ಹಾವೇರಿ ಕಡೆಯ ಹತ್ತಿ-ಜೋಳದ ಬಯಲಿನವ ನಾನು. ಆ ಅಪ್ಪಿಕೋ ಚಳವಳಿಯ ಸುದ್ದಿ ಓದಿದಾಗಿನಿಂದ ಆ ಕಾಡನ್ನೊಮ್ಮೆ ನೋಡಬೇಕೆಂಬ ಹುಚ್ಚು ಹತ್ತಿತ್ತು. ಕಾಲೇಜಿನ ಗೆಳೆಯ, "ಬಾ ಮಾರಾಯ, ಆದರೆ ಕೊನೆಕೊಯ್ಲು ನಡೀತಿರ್ತದೆ, ನಿನ್ನ ತಿರುಗಾಡಿಸಲಿಕ್ಕೆ ಯಾರಿಗೂ ಪುರಸೊತ್ತಿಲ್ಲ" ಎಂದ. "ನಾನೂ ಕೈ ಹಚ್ತೀನಿ ಬಿಡು" ಅಂದೆ.

ಕೈ ಹಚ್ಚುವುದು ಅಷ್ಟು ಸಸಾರವಲ್ಲ ಎಂದು ಅಡಿಕೆ ತೋಟಕ್ಕಿಳಿದ ಮೇಲೆ ಗೊತ್ತಾಯಿತು. ಕೊನೆ ಕೊಯ್ಯುವ ಕೊನೆಗೌಡ ಮರ ಹತ್ತಿದನೆಂದರೆ ಪ್ರತಿ ಮರಕ್ಕೂ ಇಳಿದು ಹತ್ತುವ ಮಾತಿಲ್ಲ. ಮೇಲೇ ತೂಗಿಕೊಂಡು ಪಕ್ಕದ ಮರ ಹಿಡಿದು ದಾಟಿಬಿಡುತ್ತಿದ್ದ. ಕೊಯ್ದ ಕೊನೆ ಹಗ್ಗದ ಗುಂಟ ಸುಯ್ಯೆಂದು ಇಳಿಯುತ್ತಿತ್ತು. ಕೆಳಗೆ ಹಗ್ಗ ಹಿಡಿದು ನಿಲ್ಲುವುದಕ್ಕೂ ಪಳಗಿದ ಆಳೇ ಬೇಕು. ನನ್ನ ಪಾಲಿಗೆ ಬಂದದ್ದು ಮನೆಯ ಮಕ್ಕಳ ಜೊತೆ ಉದುರಿದ ಅಡಿಕೆ ಹೆಕ್ಕುವ ಕೆಲಸ.

ರಾತ್ರಿಯದೇ ಬೇರೆ ಲೋಕ. ಕೆಂಪಡಿಕೆಗೆ ಹಸಿ ಕಾಯನ್ನೇ ಸುಲಿದು ಬೇಯಿಸಬೇಕು, ತಡವಾದರೆ ಬಣ್ಣ ಕೆಡುತ್ತದೆ. ಹಾಗಾಗಿ ಹಗಲು ಇಳಿದದ್ದನ್ನು ಇರುಳೇ ಸುಲಿಯಬೇಕು. ಅಂಗಳದ ಮೂಲೆಯಲ್ಲಿ ಒಲೆ, ಒಲೆಯ ಮೇಲೆ ತಾಮ್ರದ ಹಂಡೆ, ಅದರಲ್ಲಿ ಕೊತಕೊತ ಕುದಿಯುವ ಅಡಿಕೆಯ ಕಡುಗೆಂಪು ತೊಗರು. ಬೆಂಕಿಯ ಕಾವು ತಾಗುವಷ್ಟು ಹತ್ತಿರ ಮೆಟ್ಟುಗತ್ತಿಗಳ ಸಾಲು. ಹಲಗೆಯನ್ನು ಕಾಲಲ್ಲಿ ಮೆಟ್ಟಿ, ನೆಟ್ಟಗೆ ನಿಂತ ಕತ್ತಿಯ ಬಾಯಿಗೆ ಕಾಯಿ ಒತ್ತಿ ಒಮ್ಮೆ ತಿರುವಿದರೆ ಸಿಪ್ಪೆ ಎರಡು ಹೋಳು, ಅಡಿಕೆ ಬುಟ್ಟಿಗೆ. ಪಕ್ಕದಲ್ಲಿ ಕೂತ ಸಿದ್ದಿ ಹೆಂಗಸೊಬ್ಬಳ ಕೈಯನ್ನು ಎಷ್ಟು ನೋಡಿದರೂ ಕಾಯಿ ಯಾವಾಗ ಕತ್ತಿಗೆ ತಾಗಿತೆಂದು ಕಾಣುತ್ತಿರಲಿಲ್ಲ. ಅವಳು ಯಲ್ಲಾಪುರದ ಕಡೆಯವಳು. ಕತೆ ಹೇಳುತ್ತ, ನಡುನಡುವೆ ನನ್ನ ಬುಟ್ಟಿ ನೋಡಿ ನಗುತ್ತ ಸುಲಿಯುತ್ತಿದ್ದಳು. ಊರಿನ ಸುದ್ದಿ, ಮದುವೆ, ಜಗಳ, ಸಿರಸಿ ಪೇಟೆಯ ಅಡಿಕೆ ದರ, ನಾಳೆ ರಾತ್ರಿಯ ಯಕ್ಷಗಾನದ ಆಟಕ್ಕೆ ಯಾವ ಭಾಗವತರು ಅನ್ನುವುದೆಲ್ಲ ಆ ಬೆಂಕಿಯ ಸುತ್ತಲೇ ತೀರ್ಮಾನವಾಗುತ್ತಿತ್ತು. ಈಗ ಸುಲಿಯುವ ಯಂತ್ರ ಬಂದಿದೆ. ಅದರ ಸದ್ದಿನಲ್ಲಿ ಯಾರು ಕತೆ ಹೇಳುತ್ತಾರೆ?

ಒಂದು ಮಧ್ಯಾಹ್ನ ಬಿಡುವು ಸಿಕ್ಕಿತು. ಗೆಳೆಯ ಉಂಚಳ್ಳಿಗೆ ಕರೆದೊಯ್ದ. ದಾರಿಯುದ್ದಕ್ಕೂ ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದಲ್ಲೇ ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟದ ಹಕ್ಕು ಸಿಕ್ಕಿದ್ದು, ತೋಟದ ಗೊಬ್ಬರ ನಿಂತಿರುವುದೇ ಆ ಸೊಪ್ಪಿನ ಮೇಲೆ ಎಂದು ಅವನು ಹೇಳಿದಾಗ, ಜನ ಮರ ಅಪ್ಪಿದ್ದು ಬರಿಯ ಮರದ ಮೇಲಿನ ಪ್ರೀತಿಯಿಂದಲ್ಲ ಎಂದು ನನಗೆ ಮೊದಲ ಸಲ ಹೊಳೆಯಿತು. ಸಿರಸಿಯಲ್ಲಿ ಹುಟ್ಟುವ ಅಘನಾಶಿನಿ ಅಲ್ಲಿ 116 ಮೀಟರ್ ಕೆಳಗೆ ಧುಮುಕುತ್ತದೆ. ನಕ್ಷೆಯಲ್ಲಿ ಲಷಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು, ಊರವರಿಗೆ ಕೆಪ್ಪಜೋಗ. ಪಕ್ಕದಲ್ಲಿ ನಿಂತ ಗೆಳೆಯನ ಬಾಯಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು.

ಆ ದಿನವೇ ಮಳೆ ಬಂತು. ಹೊತ್ತಲ್ಲದ ಹೊತ್ತಿನ ಮಳೆ. ಬೇಯಿಸಿದ ಅಡಿಕೆ ಅಂಗಳದ ಅಟ್ಟದ ಮೇಲೆ ಒಣಗಿತ್ತು, ಸಂಜೆ ರಾಶಿ ಮಾಡಿ ಕಂಬಳಿ ಹೊದಿಸಿದ್ದರು. ಇನ್ನೊಂದು ಬಿಸಿಲಾದರೆ ಮುಗಿಯಿತು ಅನ್ನುವಂತಿತ್ತು. ಊಟಕ್ಕೆ ಕೂತಿದ್ದೆವು. ಮಾಡಿನ ಮೇಲೆ ನಾಲ್ಕು ಹನಿ ಬಿದ್ದದ್ದೇ ತಡ, ಒಳಗಿನಿಂದ ಅಜ್ಜಿಯ ಕೂಗು: "ಅಡಿಕೆ! ಅಡಿಕೆ!" ಎಂಜಲು ಕೈಯಲ್ಲೇ ಎದ್ದೆವು. ಬುಟ್ಟಿ, ಗೋಣಿ, ಮೊರ, ಕೈಗೆ ಸಿಕ್ಕ ಪಾತ್ರೆ. ಯಾರೂ ಕರೆಯಲಿಲ್ಲ, ಆದರೆ ಸೂಡಿ ಹಿಡಿದು ಪಕ್ಕದ ಮನೆಯವರೂ ಓಡಿ ಬಂದರು. ತಮ್ಮ ಅಟ್ಟ ಬರಿದಾದ ಕೂಡಲೇ ಇಲ್ಲಿಗೆ. ನೆನೆದ ಅಡಿಕೆಗೆ ಬೂಸಲು ಹಿಡಿದರೆ ಪೇಟೆಯಲ್ಲಿ ಯಾರೂ ಮೂಸುವುದಿಲ್ಲ. ಕತ್ತಲಲ್ಲಿ ಏಣಿಯ ನಡುವೆ ನಿಂತು ಮೇಲಿನವರ ಬುಟ್ಟಿ ತೆಗೆದು ಕೆಳಗಿನವರಿಗೆ ಕೊಡುತ್ತಿದ್ದವನು ನಾನು. ರಾಶಿಯೆಲ್ಲ ಜಗಲಿ ಸೇರಿದ ಮೇಲೆ ಎಲ್ಲರಿಗೂ ಬಿಸಿ ಕಷಾಯ. ತಟ್ಟೆಯ ಅನ್ನ ಆರಿ ತಣ್ಣಗಾಗಿತ್ತು. ಅದನ್ನೇ ಅಪ್ಪೆಮಿಡಿ ಕಚ್ಚಿಕೊಂಡು ಉಂಡೆವು.

ಈಚೆಗೆ ನನ್ನ ತಂಗಿಯ ಮಗಳು ಆಸ್ಟ್ರೇಲಿಯಾಕ್ಕೆ ಹೊರಟಿದ್ದಾಳೆ. ದುಡಿಯುತ್ತ ತಿರುಗುವ ವೀಸಾ 2024ರಲ್ಲಿ ನಮ್ಮವರಿಗೂ ತೆರೆಯಿತಂತೆ, ವರ್ಷಕ್ಕೆ 1000 ಮಂದಿಗೆ, ಅದೂ ಚೀಟಿ ಎತ್ತಿ. ಎರಡನೇ ವರ್ಷ ಇರಬೇಕಾದರೆ ಹಳ್ಳಿಗಾಡಿನ ತೋಟಗೀಟದಲ್ಲಿ ಮೂರು ತಿಂಗಳು ಗೇಯಬೇಕು. ಕೆಲವು ಮನೆಗಳಲ್ಲಿ ಅರ್ಧ ದಿನ ದುಡಿದರೆ ಊಟ, ಹಾಸಿಗೆ ಕೊಡುತ್ತಾರಂತೆ. ಇಂಗ್ಲೆಂಡಿನಲ್ಲಿ 1971ರಲ್ಲಿ ಶುರುವಾದ ವೂಫ್ ಪದ್ಧತಿ ಅದು. ನ್ಯಾಯವಾಗಿಯೇ ಇದೆ. ನಾನೂ ಆಗ ಹಾಗೇ ಲೆಕ್ಕ ಹಾಕಿದ್ದೆ: ಅನ್ನಕ್ಕೆ ಬದಲು ಕೆಲಸ.

ನಾನು ಸಿದ್ದಾಪುರದಿಂದ ಹೊರಡುವ ದಿನ ಆ ಮನೆಯ ಅಜ್ಜಿ ಲೆಕ್ಕದ ಪುಸ್ತಕ ತೆಗೆದರು. ಸುಲಿಯುವವರ ಹೆಸರಿನ ಕೆಳಗೆ ನನ್ನದೂ ಇತ್ತು, ಪ್ರತಿ ರಾತ್ರಿಯ ಅಳತೆಯ ಸಮೇತ. ಸಾಲಿನಲ್ಲಿ ಎಲ್ಲರಿಗಿಂತ ಕಡಿಮೆ. ದುಡ್ಡು ಬೇಡವೆಂದು ಹಿಂದೆ ಸರಿದೆ. "ಉಂಡಿದ್ದಕ್ಕೆ ಲೆಕ್ಕ ಇಲ್ಲೆ ತಮಾ, ಸುಲಿದಿದ್ದಕ್ಕೆ ಇದ್ದು" ಎಂದು ಕೈಗೆ ತುರುಕಿದರು.

ಆ ದುಡ್ಡಿನಲ್ಲೇ ಯಲ್ಲಾಪುರದ ಬಸ್ಸು ಹತ್ತಿ ಮಾಗೋಡಿನಲ್ಲಿ ಧುಮುಕುವ ಬೇಡ್ತಿ ಹೊಳೆ ನೋಡಿ ಬಂದೆ. ಪೇಟೆಯ ಖಾನಾವಳಿಯಲ್ಲಿ ಕೈ ತೊಳೆಯುವಾಗ ನನ್ನ ಕಪ್ಪಾದ ಬೆರಳು ನೋಡಿ ಬಡಿಸುವವನು ಕೇಳಿದ, "ಯಾರ ಮನೆ ಕೊಯ್ಲು?"