ತಳದ ಫೋಟೋ ಎಲ್ಲಿ?

ಊರು ಯಾವುದು ಅಂತ ಯಾರಾದರೂ ಕೇಳಿದರೆ ಸಿದ್ದಾಪುರ ಅಂತೀನಿ. "ಓ, ಶಿರಸಿ ಹತ್ರದ್ದಾ?" ಅಲ್ಲ. "ಕುಂದಾಪುರ ಕಡೇದು?" ಅದೂ ಅಲ್ಲ. "ಹಂಗಾದ್ರೆ ಕೊಡಗು?" ಅಲ್ಲ ಕಣ್ರೀ, ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರ. ಆ ಮೂರೂ ಸಿದ್ದಾಪುರಗಳಲ್ಲಿ ಮಳೆ ಹೊಯ್ಯುತ್ತೆ. ನಮ್ಮದರಲ್ಲಿ ಅಶೋಕನ ಶಾಸನ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಅಂತ ಹತ್ತಿರ ಹತ್ತಿರವೇ ಮೂರು ಶಾಸನ, 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಮಾಡಿದ್ದು. ಬಂಡೆಗೆ ನಮ್ಮಲ್ಲಿ ಬರ ಇಲ್ಲ, ನೀರಿಗೆ ಇದೆ. ಮ್ಯಾಪಿನ ಮೇಲೆ ನೇರ ಗೆರೆ ಎಳೆದರೂ ಸಮುದ್ರ ಇನ್ನೂರೈವತ್ತು ಕಿಲೋಮೀಟರ್ ದೂರ.

ಇಂಥ ಊರಿನ ನಾನು ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೆರಡರ ಮೇಲೆ ಫೋನಿನಲ್ಲಿ ನೋಡೋದು ಸೆಕೆಂಡ್ ಹ್ಯಾಂಡ್ ಹಾಯಿದೋಣಿಗಳ ಜಾಹೀರಾತು. ಕೆರೆಯಲ್ಲಿ ಸುತ್ತು ಹಾಕೋ ದೋಣಿ ಅಲ್ಲ, ದಡ ಬಿಟ್ಟು ವಾರಗಟ್ಟಲೆ ನಡುಸಮುದ್ರದಲ್ಲಿ ಇರಬಲ್ಲ ದೋಣಿ. ನನ್ನ ರೂಮ್‌ಮೇಟ್ ಕುಮಟಾದವನು, ಅವರ ಮನೆಯಿಂದ ಅಲೆ ಸದ್ದು ಕೇಳಿಸುತ್ತಂತೆ. "ನಿಂಗೆ ಈಜೋಕೆ ಬರಲ್ಲ, ದುಡ್ಡಿಲ್ಲ, ಸಮುದ್ರ ನೋಡಿದ್ದು ಒಂದೇ ಸಲ, ಅದೂ ಹೈಸ್ಕೂಲ್ ಟೂರಲ್ಲಿ. ಇದ್ಯಾವ ರೋಗನೋ?" ಅಂತಾನೆ.

ಕ್ವಿಜ್‌ನಿಂದ ಬಂದ ರೋಗ ಅಂತ ಎಲ್ಲರಿಗೂ ಹೇಳಿದ್ದೀನಿ. ಅದು ಅರ್ಧ ನಿಜ.

ಕ್ವಿಜ್ ಕಥೆ ಮೊದಲು. ನಾನು ಎರಡನೇ ವರ್ಷದಲ್ಲಿದ್ದಾಗ ನಮ್ಮ ಸಂಘದ ರಾಜ್ಯೋತ್ಸವ ಕ್ವಿಜ್‌ನಲ್ಲಿ 1987ರ ಒಂದು ಅಂಚೆಚೀಟಿ ತೋರಿಸಿ, ಇದು ಯಾವ ದೋಣಿ ಅಂತ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಉತ್ತರ, ತೃಷ್ಣಾ. ನಮ್ಮ ಸೇನೆಯ ಕೋರ್ ಆಫ್ ಎಂಜಿನಿಯರ್ಸ್‌ನ ಅಧಿಕಾರಿಗಳು ಅದರಲ್ಲಿ 1985ರ ಸೆಪ್ಟೆಂಬರ್ 28ಕ್ಕೆ ಮುಂಬಯಿ ಬಿಟ್ಟು, ಭೂಮಿ ಸುತ್ತಿ, 1987ರ ಜನವರಿ 10ಕ್ಕೆ ಮುಂಬಯಿಗೇ ವಾಪಸ್ ಬಂದರು. ಸುಮಾರು 30,000 ನಾಟಿಕಲ್ ಮೈಲಿ. ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಮೊದಲ ಭಾರತೀಯ ತಂಡ ಅದು. ಬೆಂಗಳೂರಲ್ಲಿ ಹಲಸೂರು ಕೆರೆ ದಂಡೆಯ ಮೇಲಿದೆಯಲ್ಲ ಎಂಇಜಿ, ಅದೂ ಇದೇ ಕೋರ್‌ಗೆ ಸೇರಿದ್ದು. ಅಂದರೆ ನೌಕಾಪಡೆಯವರಲ್ಲ, ಸೇತುವೆ ಕಟ್ಟೋರು, ರಸ್ತೆ ಹಾಕೋರು. ನಮ್ಮ ಜಾತಿ.

ನಂಗೆ ನಾಟಿದ್ದು ಬೇರೆ ಎರಡು ವಿಷಯ. ಒಂದು ಹೆಸರು. ತೃಷ್ಣಾ ಅಂದರೆ ಬಾಯಾರಿಕೆ. ಸುತ್ತ ನೀರೇ ಇರೋ ಕಡೆ ಹೋಗೋ ದೋಣಿಗೆ ಬಾಯಾರಿಕೆ ಅಂತ ಹೆಸರು! ಆ ಹೆಸರು ಇಡೋ ಹಕ್ಕು ನಮ್ಮ ತಾಲ್ಲೂಕಿಗೆ ಇರಬೇಕಿತ್ತು. ಇನ್ನೊಂದು, ಅದು ಹಳೇ ದೋಣಿ. ಫಿನ್‌ಲೆಂಡಿನ ನಾಟರ್ ಕಂಪನಿ ಕಟ್ಟಿದ ಸ್ವಾನ್ 37, ಉದ್ದ 37 ಅಡಿ, ಬೇರೆಯವರು ವರ್ಷಗಟ್ಟಲೆ ಓಡಿಸಿದ್ದು. ಅದನ್ನ ಇಂಗ್ಲೆಂಡಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು, ಅಲ್ಲಿಂದ ಮುಂಬಯಿವರೆಗೆ ತಾವೇ ಓಡಿಸಿಕೊಂಡು ಬಂದು, ಆಮೇಲೆ ಪ್ರಪಂಚ ಸುತ್ತೋಕೆ ಹೊರಟರು. ಆ ಮೊದಲ ಪ್ರಯಾಣವೇ ಅದರ ಟೆಸ್ಟು.

ಸೆಕೆಂಡ್ ಹ್ಯಾಂಡ್ ಅನ್ನೋ ಪದ ಕೇಳಿದ ತಕ್ಷಣ ನನ್ನ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಗಿತ್ತು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಅವತ್ತು ರಾತ್ರಿಯಿಂದ ಜಾಹೀರಾತು ಓದೋಕೆ ಶುರು ಮಾಡಿದೆ. ಒಂದು ಚೆನ್ನಾಗಿ ನೆನಪಿದೆ. 38 ಅಡಿ, 1984ರ ದೋಣಿ, "ಸರ್ವ ಸಲಕರಣೆಗಳೊಂದಿಗೆ, ಇವತ್ತೇ ಹೊರಡಬಹುದು" ಅನ್ನೋ ಅರ್ಥದ ತಲೆಬರಹ, ಬೆಲೆ ನಮ್ಮ ದುಡ್ಡಲ್ಲಿ ನಲವತ್ತು ಲಕ್ಷ. ಸಲಕರಣೆಗಳ ಪಟ್ಟಿ ನಮ್ಮ ಲ್ಯಾಬ್ ಸ್ಟಾಕ್ ರಿಜಿಸ್ಟರ್‌ಗಿಂತ ಉದ್ದ ಇತ್ತು. ಸೋಲಾರ್ ಪ್ಯಾನೆಲ್, ಲಿಥಿಯಂ ಬ್ಯಾಟರಿ, ರೇಡಾರ್, ಸುತ್ತಮುತ್ತಲ ಹಡಗುಗಳ ಹೆಸರು, ದಿಕ್ಕು, ವೇಗ ತೋರಿಸೋ ಎಐಎಸ್, ದೋಣಿ ಮುಳುಗಿದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗೋ ಈಪರ್ಬ್, ಗಾಳಿ ತುಂಬಿಕೊಳ್ಳೋ ಜೀವರಕ್ಷಕ ತೆಪ್ಪ, ಕರೆಂಟೇ ಇಲ್ಲದೆ ಗಾಳಿಯ ದಿಕ್ಕು ಹಿಡಿದು ದೋಣಿಯನ್ನ ತಾನೇ ನಡೆಸೋ ಗಾಳಿಚುಕ್ಕಾಣಿ. ಆಮೇಲೆ ವಾಟರ್‌ಮೇಕರ್. ಇದು ನಮ್ಮೂರ ಕಡೆ ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳೋ ಶುದ್ಧ ನೀರಿನ ಘಟಕದ ಅಣ್ಣ. ಒಳಗಿನ ತತ್ವ ಒಂದೇ. ಆದರೆ ಸಮುದ್ರದ ಉಪ್ಪನ್ನ ಬೇರೆ ಮಾಡೋಕೆ ಸುಮಾರು 55 ಬಾರ್ ಒತ್ತಡ ಬೇಕು, ನಮ್ಮ ಘಟಕಕ್ಕೆ ಅಷ್ಟು ಬೇಡ. ನಮ್ಮದು ಅಷ್ಟಿಲ್ಲದೆಯೂ ತಿಂಗಳಿಗೊಂದ್ಸಲ ಕೆಟ್ಟು ನಿಲ್ಲುತ್ತೆ, ಅದು ಬೇರೆ ಮಾತು.

ಪಟ್ಟಿ ಓದ್ತಾ ಓದ್ತಾ ಬಾಯಲ್ಲಿ ನೀರೂರುತ್ತೆ. ಆದರೆ ದೋಣಿ ತಪಾಸಣೆ ಮಾಡೋ ಸರ್ವೇಯರ್‌ಗಳು ಬರೆದದ್ದು ಓದಿದಾಗ ಗೊತ್ತಾಯ್ತು, ಅವರು ಆ ಪಟ್ಟಿಯನ್ನ ಕೊನೆಗೆ ನೋಡ್ತಾರೆ. ಮೊದಲು ದೋಣಿಯನ್ನ ನೀರಿಂದ ಮೇಲಕ್ಕೆ ಎತ್ತಿಸ್ತಾರೆ. ಚಿಕ್ಕ ಸುತ್ತಿಗೆ ಹಿಡಿದು ಒಡಲನ್ನೆಲ್ಲ ಕುಟ್ಟುತ್ತಾ ಹೋಗ್ತಾರೆ, ಸಂತೆಯಲ್ಲಿ ನಮ್ಮವ್ವ ಮಡಕೆ ಕುಟ್ಟಿ ನೋಡೋ ಹಾಗೆ. ಟಣ್ ಅಂದರೆ ಫೈಬರ್ ಗಟ್ಟಿ ಇದೆ. ಡಬ್ ಅಂದರೆ ಪದರಗಳು ಒಳಗೊಳಗೇ ಬಿಟ್ಟುಕೊಂಡಿವೆ. ದೋಣಿ ಮಗುಚದ ಹಾಗೆ ಕೆಳಗೆ ಇಳಿಬಿದ್ದಿರೋ ಸೀಸದ ಅಥವಾ ಕಬ್ಬಿಣದ ತೂಕ ಇರುತ್ತಲ್ಲ, ಕೀಲ್, ಅದು ಒಡಲಿಗೆ ಸೇರೋ ಜಾಗದಲ್ಲಿ ಕೂದಲೆಳೆ ಬಿರುಕು ಹುಡುಕ್ತಾರೆ. ಚುಕ್ಕಾಣಿ ಹಿಡಿದು ಅಲ್ಲಾಡಿಸ್ತಾರೆ. ಹಾಯಿಕಂಬವನ್ನ ಹಿಡಿದು ನಿಲ್ಲಿಸಿರೋ ತಂತಿಗಳು ದೋಣಿಗೆ ಸೇರೋ ಪಟ್ಟಿಗಳನ್ನ, ಚೈನ್‌ಪ್ಲೇಟ್ ಅಂತಾರೆ, ಬಿಚ್ಚಿ ನೋಡಬೇಕು ಅಂತಾರೆ. ಇಲ್ಲಿ ನಮ್ಮ ಮೆಟಲರ್ಜಿ ಪೇಪರ್ ಇದೆ. ಸ್ಟೇನ್‌ಲೆಸ್ ಸ್ಟೀಲ್‌ಗೆ ತುಕ್ಕು ಹಿಡಿಯದೇ ಇರೋದು ಮೇಲಿನ ತೆಳು ಕ್ರೋಮಿಯಂ ಆಕ್ಸೈಡ್ ಪದರದಿಂದ, ಆ ಪದರ ಉಳಿಯೋಕೆ ಆಮ್ಲಜನಕ ಬೇಕು. ಡೆಕ್‌ನ ಒಳಗೆ ಹೂತುಹೋದ ಭಾಗಕ್ಕೆ ಉಪ್ಪುನೀರು ಸಿಗುತ್ತೆ, ಗಾಳಿ ಸಿಗಲ್ಲ. ಕಾಣೋ ಅರ್ಧ ಕನ್ನಡಿ ಥರ ಹೊಳೀತಾ ಇರುತ್ತೆ, ಕಾಣದ ಅರ್ಧ ತಿಂದುಹೋಗಿರುತ್ತೆ. ಪರೀಕ್ಷೆಯಲ್ಲಿ ಇದು ಐದು ಮಾರ್ಕಿನ ಪ್ರಶ್ನೆ. ನಡುಸಮುದ್ರದಲ್ಲಿ ಕಂಬವೇ ಮುರಿದು ಬೀಳುತ್ತೆ.

ಸಲಕರಣೆ ಇಲ್ಲದೆಯೂ ಹೋಗಬಹುದು ಅನ್ನೋಕೆ ಗೋಲ್ಡನ್ ಗ್ಲೋಬ್ ರೇಸ್ ಸಾಕ್ಷಿ. ಒಬ್ಬೊಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಬೇಕು. ದೋಣಿ 32ರಿಂದ 36 ಅಡಿ ಇರಬೇಕು, 1988ಕ್ಕಿಂತ ಹಿಂದಿನ ವಿನ್ಯಾಸದ್ದಾಗಿರಬೇಕು, ದಾರಿ ಹುಡುಕೋಕೆ ಜಿಪಿಎಸ್ ಬಳಸೋ ಹಾಗಿಲ್ಲ. 2018ರಲ್ಲಿ ನಮ್ಮ ಅಭಿಲಾಷ್ ಟಾಮಿ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಕಂಬ ಮುರಿದು, ಬೆನ್ನುಮೂಳೆಗೆ ಪೆಟ್ಟಾಗಿ, ಫ್ರೆಂಚ್ ಹಡಗೊಂದು ಬಂದು ಎತ್ತಿಕೊಳ್ಳೋವರೆಗೆ ಮಲಗಿದಲ್ಲೇ ಇದ್ದರಲ್ಲ, ಅದೇ ರೇಸ್. ಅವರೇ 2022ರಲ್ಲಿ ಮತ್ತೆ ಹೊರಟು 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಬಂದರು. ಗೆದ್ದದ್ದು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್ಶೇಫರ್. ಅವರ ಮಿನ್ನೆಹಾಹಾ ಕೂಡ ಹಳೇ ದೋಣಿ, ಕೆನಡಾದಲ್ಲಿ ಹುಡುಕಿ ಕೊಂಡದ್ದು. ಕೊಂಡಮೇಲೆ ತಿಂಗಳುಗಟ್ಟಲೆ ಅದನ್ನ ಬಿಚ್ಚಿ ರಿಪೇರಿ ಮಾಡಿಕೊಂಡೇ ಹೊರಟದ್ದು.

ಈಗ ಇನ್ನರ್ಧ ನಿಜ.

ಆ ಕ್ವಿಜ್‌ಗೆ ಐದು ತಿಂಗಳು ಮುಂಚೆ ನಮ್ಮಪ್ಪ ಒಂದು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ತಗೊಂಡರು. ಮೂರು ಲಕ್ಷದ ಹತ್ತು ಸಾವಿರ. ಅದರಲ್ಲಿ ಅವ್ವನ ಸರ ಅಡವಿಟ್ಟಿದ್ದು ಎಂಬತ್ತು ಸಾವಿರ. ಮಾರಿದವನ ಹೆಸರು, ಊರು ಇಲ್ಲಿ ಬೇಡ. ಅಪ್ಪ ರಾಯದುರ್ಗದ ಮೆಕ್ಯಾನಿಕ್ಕನ್ನ ಕರ್ಕೊಂಡು ಹೋಗೋಣ ಅಂದರು. ಅವನು ಎರಡು ದಿನ ಬಿಟ್ಟು ಬರ್ತೀನಿ ಅಂದಿದ್ದ. ನಾನು ಆಗಷ್ಟೇ ಮೆಕ್ಯಾನಿಕಲ್ ಮೊದಲ ವರ್ಷ ಮುಗಿಸಿ ರಜಕ್ಕೆ ಬಂದಿದ್ದೆ. "ಅವನ್ಯಾಕಪ್ಪ, ನಾನಿದೀನಲ್ಲ" ಅಂದೆ. ಅಪ್ಪ ನನ್ನ ಮುಖ ನೋಡಿ, "ಹೂಂ, ನೀನು ಓದಿರೋನು" ಅಂದರು. ಆ ಮಾತಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿರ್ತಿತ್ತು.

ಹೋದೆವು. ಮಾರೋನು ಪಟ್ಟಿ ಒಪ್ಪಿಸಿದ. ನಾಲ್ಕೂ ಟೈರ್ ಹೊಸದು, ಬ್ಯಾಟರಿ ಹೊಸದು, ಪವರ್ ಸ್ಟೀರಿಂಗ್, ಮೇಲೆ ಟಾಪ್, ಮ್ಯೂಸಿಕ್ ಸಿಸ್ಟಮ್, ಜೊತೆಗೆ ರೋಟವೇಟರ್. ಪೇಂಟ್ ಫಳಫಳ. ನಾನು ಒಂದೊಂದಕ್ಕೂ ಮನಸ್ಸಲ್ಲೇ ಬೆಲೆ ಹಾಕಿ ಕೂಡಿಸ್ತಾ ಇದ್ದೆ. ಇಷ್ಟೆಲ್ಲ ಸೇರಿ ಈ ರೇಟಿಗೆ ಬಿಟ್ಟಿ ಅನ್ನೋ ಲೆಕ್ಕ ಬಂತು. ಅಪ್ಪ ಸುಮ್ಮನೆ ಒಂದು ಸುತ್ತು ಬಂದು ಎಂಜಿನ್ ಮೇಲೆ ಅಂಗೈ ಇಟ್ಟರು. "ಬಿಸಿ ಐತಲ್ಲ" ಅಂದರು. ಮಾರೋನು, "ಬೆಳಿಗ್ಗೆ ಹೊಲಕ್ಕೆ ಹೋಗಿತ್ತು" ಅಂದ. ಅಪ್ಪ, "ಆರಲಿ, ಆಮೇಲೆ ಸ್ಟಾರ್ಟ್ ಮಾಡಿ ನೋಡೋಣ" ಅಂದರು. ನಾನು ಅವರನ್ನ ಪಕ್ಕಕ್ಕೆ ಕರೆದು, "ಬಿಸಿ ಇದ್ರೇನಪ್ಪ, ಓಡ್ತಾ ಇದೆ ಅಂತ ತಾನೇ ಅರ್ಥ? ಬೇರೆ ಗಿರಾಕಿ ಬಂದ್ರೆ ಕೈ ತಪ್ಪುತ್ತೆ" ಅಂದೆ. ಮಧ್ಯಾಹ್ನದ ಹೊತ್ತಿಗೆ ಅಡ್ವಾನ್ಸ್ ಕೊಟ್ಟು ಬಂದೆವು.

ಶೇಂಗಾ ಬಿತ್ತನೆಗೆ ಹೊಲ ಹದ ಮಾಡೋಕೆ ಇಳಿಸಿದ ಮೂರನೇ ದಿನ ಬಿಳಿ ಹೊಗೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಹಾಲು ಹಾಕಿದ ಟೀ ಥರ. ರಾಯದುರ್ಗದ ಮೆಕ್ಯಾನಿಕ್ ಬಂದ, ಬ್ಲಾಕಿನ ಒಂದು ಕಡೆ ಸ್ಕ್ರೂಡ್ರೈವರಿಂದ ಪೇಂಟ್ ಕೆರೆದ. ಕೆಳಗೆ ವೆಲ್ಡಿಂಗ್ ಗೆರೆ. ಬ್ಲಾಕ್ ಯಾವಾಗಲೋ ಬಿರಿದಿತ್ತು, ನೀರು ಆಯಿಲ್‌ಗೆ ಸೇರ್ತಾ ಇತ್ತು. "ತಣ್ಣಗಿದ್ದಾಗ ಸ್ಟಾರ್ಟ್ ಮಾಡ್ಸಿದ್ರೆ ಅಲ್ಲೇ ಗೊತ್ತಾಗೋದು ಯಜಮಾನ್ರೇ" ಅಂದ. ಅಪ್ಪ ನನ್ನ ಕಡೆ ನೋಡಲೇ ಇಲ್ಲ. ಬ್ಲಾಕ್ ಬದಲಾಯಿಸೋಕೆ ತೊಂಬತ್ತೈದು ಸಾವಿರ. ಬಾಡಿಗೆ ಟ್ರ್ಯಾಕ್ಟರ್ ಸರದಿ ಬರೋ ಹೊತ್ತಿಗೆ ಮೂರು ವಾರ ತಡ, ಅಷ್ಟರಲ್ಲಿ ನಮ್ಮ ಕಡೆಯ ಮಳೆ ಬಂದು ಹೋಗಿತ್ತು. ಆ ವರ್ಷ ಗಿಡ ಕಿತ್ತರೆ ಬೇರಲ್ಲಿ ಕಾಯಿಗಿಂತ ಮಣ್ಣೇ ಜಾಸ್ತಿ. ಸರ ಇನ್ನೂ ಬಿಡಿಸಿಲ್ಲ.

ದೋಣಿ ಸರ್ವೇಯರ್‌ಗಳ ನಿಯಮ ಓದುವಾಗ ಒಂದು ಸಾಲು ಸಿಕ್ಕಿತ್ತು. ಎಂಜಿನ್ ಪರೀಕ್ಷೆಗೆ ಹೋದಾಗ ಮೊದಲು ಮುಟ್ಟಿ ನೋಡಿ, ಮಾಲೀಕ ಮುಂಚೆಯೇ ಬಿಸಿ ಮಾಡಿ ಇಟ್ಟಿದ್ದರೆ ಆರೋವರೆಗೆ ಕಾಯಿರಿ ಅಂತ. ನಾನು ಫೋನ್ ಕೆಳಗಿಟ್ಟು ಬಹಳ ಹೊತ್ತು ಸೂರು ನೋಡ್ತಾ ಮಲಗಿದ್ದೆ. ಅವತ್ತಿಂದ ಇವತ್ತಿನವರೆಗೆ ಅದೆಷ್ಟು ದೋಣಿಗಳ ತಪಾಸಣೆ ವರದಿ ಓದಿದ್ದೀನೋ ಲೆಕ್ಕ ಇಲ್ಲ. ರೂಮ್‌ಮೇಟ್‌ಗೆ ಇದನ್ನ ಹೇಳಿಲ್ಲ. ಅವನು ಇಲ್ಲೇ ಓದ್ತಾನೆ.

ಈ ದಸರಾ ರಜದಲ್ಲಿ ಊರಿಗೆ ಹೋಗಿದ್ದೆ. ಸಂಜೆ ಜಗಲಿ ಮೇಲೆ ಕೂತು ಆ 38 ಅಡಿ ದೋಣಿಯನ್ನ ಅಪ್ಪನಿಗೆ ತೋರಿಸಿದೆ. ಎರಡು ವರ್ಷ ಆದರೂ ಮಾರಾಟ ಆಗಿರಲಿಲ್ಲ, ಬೆಲೆ ಮಾತ್ರ ಇಳಿದಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಫೋಟೋ ಸರಿಸಿದರು. ಅಡುಗೆ ಒಲೆ ಚೆನ್ನಾಗೈತೆ ಅಂದರು. ಹಾಸಿಗೆ ನೋಡಿದರು, ಟಿವಿ ಥರ ಇರೋ ಪರದೆ ನೋಡಿದರು, ಇದೆಲ್ಲ ಏನು ಅಂತ ಕೇಳಿದರು, ಹೇಳಿದೆ. ನಲವತ್ತೆರಡು ಫೋಟೋ ಮುಗಿದವು. ಮತ್ತೆ ಮೊದಲಿಂದ ಸರಿಸಿದರು.

"ತಳದ್ದು ಫೋಟೋ ಎಲ್ಲಪ್ಪ?"

ಇರಲಿಲ್ಲ. ಇಷ್ಟು ದಿನ ನೋಡಿದ್ದೀನಿ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಕೇಳು ಅವನ್ನ" ಅಂದು ಫೋನ್ ವಾಪಸ್ ಕೊಟ್ಟು, ಎದ್ದು ಟ್ರ್ಯಾಕ್ಟರ್ ಹತ್ತಿರ ಹೋದರು. ಡಿಪ್‌ಸ್ಟಿಕ್ ಎಳೆದು ಪಂಚೆ ಅಂಚಿಗೆ ಒರೆಸಿ, ಮತ್ತೆ ಇಳಿಸಿ, ಎಳೆದು, ಬೆಳಕಿಗೆ ಹಿಡಿದು ನನ್ನನ್ನ ಕರೆದರು. ಆಯಿಲ್ ಕಪ್ಪಗೆ, ಸರಿಯಾಗೇ ಇತ್ತು. ನಾನು ಅಲ್ಲೇ ನಿಂತು ಮಾರೋನಿಗೆ ಮೆಸೇಜ್ ಟೈಪ್ ಮಾಡಿದೆ. ಇನ್ನೂ ಉತ್ತರ ಬಂದಿಲ್ಲ.