ಮೊಮ್ಮಗಳ ಕೈಗೊಂದು ಹಿಡಿ

ಗಾಳಿ ಪಿಸ್ತೂಲು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಂಥ ಮನೆಗಳ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜವೇ ಆಗಿದೆ. ಇರುವೆಗೂ ನೋವಾಗದಂತೆ ನಡೆಯಬೇಕೆಂದು ಹೇಳಿಸಿಕೊಂಡು ಬೆಳೆದವರು ನಾವು. ಧಾರವಾಡದ ನಮ್ಮ ಮನೆಗೆ ಅದು ಬಂದ ದಿನ ಅತ್ತಿಗೆಯವರು, “ಯಾರ ಮ್ಯಾಲೆ ಗುರಿ ಇಡಾಕ ತಂದೀರಿ ಇದನ್ನ?” ಎಂದು ನೇರವಾಗಿಯೇ ಕೇಳಿದರು. ಹತ್ತು ಮೀಟರ್ ದೂರದ ಕಾಗದದ ಮೇಲೆ ಎಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಇದು ಒಲಿಂಪಿಕ್ ಕ್ರೀಡೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಈ ಸ್ಪರ್ಧೆಯಲ್ಲಿಯೇ ಬೆಳ್ಳಿಯ ಪದಕ ಪಡೆದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದುದನ್ನು ನನ್ನ ಮೊಮ್ಮಗಳು ಟಿ.ವಿ.ಯ ಮುಂದೆ ಕಣ್ಣು ಮಿಟುಕಿಸದೆ ನೋಡಿದ್ದಳು. ಆ ಆಸೆಗೆ ನೀರೆರೆಯಲು ನಮ್ಮ ಅಳಿಯಂದಿರ ಸಂಬಳ ಸಾಲದು. ಸ್ಪರ್ಧಿಗಳು ಹಿಡಿಯುವ ವಿದೇಶೀ ಪಿಸ್ತೂಲಿನ ಬೆಲೆ ಲಕ್ಷ ರೂಪಾಯಿಯನ್ನು ಮೀರುತ್ತದೆ. ಕೆಲವು ಸಾವಿರಕ್ಕೆ ದೊರೆಯುವ, ನಳಿಗೆಯನ್ನು ಮಡಚಿ ಸ್ಪ್ರಿಂಗ್ ಏರಿಸುವ ಸಾಧಾರಣ ಪಿಸ್ತೂಲನ್ನೇ ಕೊಂಡೆವು.

ಹನ್ನೆರಡು ವರ್ಷದ ಹುಡುಗಿ. ಸ್ಪ್ರಿಂಗ್ ಏರಿಸುವಷ್ಟರಲ್ಲಿಯೇ ಅವಳ ತೋಳು ನಡುಗುತ್ತಿತ್ತು. ನಡುಗುವ ತೋಳಿನಿಂದ ಗುರಿ ಹಿಡಿಯುವುದೆಂತು? ದೊಡ್ಡವರ ಸ್ಪರ್ಧೆಯಲ್ಲಿ 75 ನಿಮಿಷಗಳೊಳಗೆ 60 ಗುಂಡು ಹಾರಿಸಬೇಕು; ಇವಳು ಹತ್ತಕ್ಕೇ ಸೋತುಹೋಗುತ್ತಿದ್ದಳು. ಹಿಡಿಯಂತೂ ದೊಡ್ಡ ಗಂಡಸಿನ ಕೈಗೆಂದು ಎರಕ ಹೊಯ್ದದ್ದು. ಮೂರು ವಾರ ಕಳೆಯುವಷ್ಟರಲ್ಲಿ “ಅಜ್ಜಾ, ಇದು ನನ್ನಿಂದ ಆಗೂದಿಲ್ಲ” ಎಂದು ಪೆಟ್ಟಿಗೆ ಮುಚ್ಚಿಟ್ಟಳು. ಐ.ಟಿ.ಐ.ಯಲ್ಲಿ ಮೂವತ್ತು ವರ್ಷ ಹುಡುಗರಿಗೆ ಅರ ಹಿಡಿಯಲು ಕಲಿಸಿದವನು ನಾನು. ಕೈಗೆ ಹೊಂದದ ಉಪಕರಣವನ್ನು ಕಂಡು ಸುಮ್ಮನಿರಲು ನನ್ನಿಂದಲೂ ಆಗಲಿಲ್ಲ.

ಮೊದಲು ಸ್ಪ್ರಿಂಗಿನ ಮಾತು. ಪರಿಚಿತರೊಬ್ಬರು, ಇನ್ನೂ ಗಡಸು ಸ್ಪ್ರಿಂಗ್ ಹಾಕಿಸಿದರೆ ಗುಂಡು ಜೋರಾಗಿ ಹೋಗುತ್ತದೆಂದು ಸಲಹೆ ಮಾಡಿದರು. ನಾನು ಒಪ್ಪಲಿಲ್ಲ. ಕಾಗದಕ್ಕೆ ತೂತು ಬೀಳಲು ಜೋರು ಬೇಕಿಲ್ಲ. ಮೇಲಾಗಿ ನಮ್ಮ ದೇಶದ 2016ರ ಶಸ್ತ್ರಾಸ್ತ್ರ ನಿಯಮಗಳು ಗಾಳಿ ಆಯುಧದ ಬಲಕ್ಕೆ 20 ಜೂಲ್‌ಗಳ ಗೆರೆ ಎಳೆದಿವೆ. ಮನೆಯಲ್ಲಿ ಕುಳಿತು ಆ ಗೆರೆಯ ಕಡೆಗೆ ಸರಿಯುವುದು ಗೃಹಸ್ಥರಿಗೆ ತಕ್ಕ ಕೆಲಸವಲ್ಲ. ಟ್ರಿಗರಿನ ಒಳಭಾಗವನ್ನೂ ನಾನು ಮುಟ್ಟಲಿಲ್ಲ. ಅದನ್ನು ಉಜ್ಜಿ ಹಗುರ ಮಾಡಿದವರ ಪಿಸ್ತೂಲು ತಾನೇ ತಾನಾಗಿ ಹಾರುವುದುಂಟು. ಸ್ಪರ್ಧೆಯ ನಿಯಮದಂತೆ ಟ್ರಿಗರ್ ಕನಿಷ್ಠ 500 ಗ್ರಾಂ ಭಾರವನ್ನು ತಾಳಲೇಬೇಕು.

ಬಲವನ್ನು ಹಾಗೆಯೇ ಬಿಟ್ಟು ಶ್ರಮವನ್ನು ಇಳಿಸುವ ದಾರಿ ಸನ್ನೆಗೋಲಿನದು. ನಳಿಗೆಯ ಮೇಲೆ ಬಿಗಿಯಾಗಿ ಕೂರುವ, ಮುಂದಿನ ಸೈಟಿಗೆ ಸೀಳು ಬಿಟ್ಟ ಮರದ ಕೊಳವೆಯೊಂದನ್ನು ಕೊರೆದೆ. ತಿರುಗಣೆಯಿಂದ ಕೈ ಹಿಡಿಯುವ ಜಾಗ 7 ಅಂಗುಲವಿದ್ದದ್ದು 14 ಅಂಗುಲವಾಯಿತು. ಬೇಕಾಗುವ ಒತ್ತಡ ಅರ್ಧಕ್ಕಿಳಿಯಿತು. ಸ್ಪ್ರಿಂಗ್ ಏರಿದ ಮೇಲೆ ಕೊಳವೆಯನ್ನು ತೆಗೆದಿಡಬೇಕು. ಗುಂಡು ಇಡುವಾಗ ಮಾತ್ರ ನಳಿಗೆಯನ್ನು ಇನ್ನೊಂದು ಕೈಯಲ್ಲಿ ಭದ್ರವಾಗಿ ಹಿಡಿದಿರಲೇಬೇಕು. ಅದು ಸಿಡಿದು ಮುಚ್ಚಿಕೊಂಡರೆ ಬೆರಳು ಉಳಿಯದು.

ಹಿಡಿಯ ಕೆಲಸ ನಿಧಾನದ್ದು, ನನಗೆ ಪ್ರಿಯವಾದದ್ದೂ ಹೌದು. ಪ್ಲಾಸ್ಟಿಕ್ ಹಿಡಿಯನ್ನು ಬಿಚ್ಚಿಟ್ಟು ಶಿವನಿ ಮರದಲ್ಲಿ ಬೇರೆಯದನ್ನು ಕೆತ್ತಿದೆ. ಈ ಮರ ಹಗುರ, ಉಳಿಗೆ ಬೇಗ ಒಲಿಯುತ್ತದೆ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರಿನ ನಡುವೆ ಕೂರಬೇಕು, ಬೆರಳಿನ ಉಳಿದ ಭಾಗ ಮರಕ್ಕೆ ತಾಗಬಾರದು. ಅದಕ್ಕಾಗಿ ಬೆನ್ನಿನ ಕಡೆ ಮರವನ್ನು ತೆಳುವಾಗಿಸಿದೆ. ಅಂಗೈ ಟೊಳ್ಳಾಗಿ ಉಳಿದ ಕಡೆ ಎಂ-ಸೀಲ್ ಮೆತ್ತಿ, ಅವಳ ಕೈಗೆ ತೆಳು ಪಾಲಿಥೀನ್ ಸುತ್ತಿ ಹಿಡಿಯಲು ಹೇಳಿದೆ. ಗಟ್ಟಿಯಾದ ಮೇಲೆ ಅರ, ಉಪ್ಪುಕಾಗದ. ಪರೀಕ್ಷೆ ಬಲು ಸುಲಭ: ಕಣ್ಣು ಮುಚ್ಚಿ ತೋಳನ್ನು ಗುರಿಯತ್ತ ಎತ್ತಿ, ಆಮೇಲೆ ಕಣ್ಣು ತೆರೆಯಬೇಕು. ಮಣಿಕಟ್ಟನ್ನು ತಿರುಚದೆಯೇ ಎರಡೂ ಸೈಟುಗಳು ಒಂದೇ ಸಾಲಿನಲ್ಲಿ ಕಂಡರೆ ಹಿಡಿ ಸರಿಯಾಯಿತು. ನಮಗೆ ಇದು ಸರಿಹೋಗಲು ಐದು ಸಂಜೆಗಳು ಹಿಡಿದವು.

ಇನ್ನು ಗುರಿ. ನಮ್ಮ ಪಿಸ್ತೂಲಿನಲ್ಲಿ ಎರಡು ಸೈಟುಗಳ ನಡುವೆ 20 ಸೆಂಟಿಮೀಟರ್ ಅಂತರ. ಅಲ್ಲಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ತಪ್ಪಿದರೆ ಹತ್ತು ಮೀಟರಿನಲ್ಲಿ ಅದು 5 ಮಿಲಿಮೀಟರ್ ಆಗುತ್ತದೆ. ಹತ್ತು ಅಂಕದ ವೃತ್ತದ ಅಡ್ಡಳತೆಯೇ 11.5 ಮಿಲಿಮೀಟರ್. ಆದ್ದರಿಂದ ಕಣ್ಣಿಗೆ ಸೈಟು ಖಚಿತವಾಗಿ ಕಾಣುವುದೇ ಇಲ್ಲಿ ಮುಖ್ಯ. ಕಾರ್ಖಾನೆಯವರು ಕೊಟ್ಟಿದ್ದ ಮುಂದಿನ ಸೈಟು ಸೂಜಿಯಂತೆ ತೆಳ್ಳಗಿತ್ತು, ತುದಿಯಲ್ಲಿ ಹೊಳೆಯುವ ಕೆಂಪು ಚುಕ್ಕೆ ಬೇರೆ. ಅದನ್ನು ತೆಗೆದು ಅಷ್ಟೇ ಎತ್ತರದ, 4.5 ಮಿಲಿಮೀಟರ್ ಅಗಲದ ಚೌಕ ಪಟ್ಟಿಯನ್ನು ಕೂರಿಸಿದೆ. ಹಿಂದಿನ ಸೈಟಿನ ಕಚ್ಚನ್ನೂ ಅಷ್ಟೇ ಅಗಲಕ್ಕೆ ಅರದಿಂದ ಉಜ್ಜಿದೆ. ಎರಡೂ ಒಂದೇ ಅಗಲವಾದರೆ ಬೆಳಕಿಗೆ ಜಾಗವೆಲ್ಲಿ ಎಂದು ಕೇಳಬಹುದು. ಮುಂದಿನದು ಕಣ್ಣಿನಿಂದ ಹೆಚ್ಚು ದೂರದಲ್ಲಿರುವುದರಿಂದ ಕಿರಿದಾಗಿ ಕಾಣುತ್ತದೆ. ಎರಡೂ ಪಕ್ಕಗಳಲ್ಲಿ ಬೆಳಕಿನ ಸಣ್ಣ ಗೆರೆಗಳು ಉಳಿಯುತ್ತವೆ. ಆ ಎರಡು ಗೆರೆಗಳು ಸಮನಾಗಿವೆಯೇ ಎಂದು ನೋಡುವುದೇ ಗುರಿ ಹಿಡಿಯುವ ಕೆಲಸ. ಕಣ್ಣು ಏಕಕಾಲಕ್ಕೆ ಒಂದೇ ದೂರವನ್ನು ಸ್ಪಷ್ಟವಾಗಿ ಕಾಣಬಲ್ಲದು. ದೃಷ್ಟಿ ಮುಂದಿನ ಸೈಟಿನ ಮೇಲಿರಬೇಕು, ಕಾಗದದ ಕಪ್ಪು ವೃತ್ತ ಮಸುಕಾದರೆ ಆಗಲಿ. ಕಪ್ಪಿನ ಮೇಲೆ ಕಪ್ಪು ಕಾಣದಾದ್ದರಿಂದ ವೃತ್ತದ ಕೆಳಗೆ ಬಿಳಿಯ ತೆಳು ಅಂಚನ್ನು ಬಿಟ್ಟು ಹಿಡಿಯುವುದು ವಾಡಿಕೆ. ಗುಂಡು ಎಡಕ್ಕೆ ಬೀಳುತ್ತಿದ್ದರೆ ಹಿಂದಿನ ಸೈಟನ್ನು ಬಲಕ್ಕೆ ಸರಿಸಬೇಕು.

ಉಜ್ಜಿದ ಲೋಹ ಹೊಳೆದು ಕಣ್ಣನ್ನು ಮೋಸಗೊಳಿಸುತ್ತದೆ. ಅದಕ್ಕೆ ಔಷಧಿ ನಮ್ಮ ಮನೆಯವರ ಬಳಿಯಲ್ಲಿಯೇ ಇತ್ತು: ಹರಳೆಣ್ಣೆಯ ದೀಪದ ಮಸಿ. ಕೂಸುಗಳ ಕಣ್ಣಿಗೆ ಕಾಡಿಗೆ ಕಟ್ಟುವಂತೆ ಸೈಟಿಗೂ ಹಚ್ಚಿದರು. ಅತ್ತಿಗೆಯವರು ಅಂದು ಮೊದಲ ಬಾರಿಗೆ ನಕ್ಕರು.

ಪಡಸಾಲೆಯಿಂದ ಹಿತ್ತಲಿನ ಗೋಡೆಯವರೆಗೆ 33 ಅಡಿ ಅಳೆದು, ದಪ್ಪ ಹಲಗೆಯ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ ತುಂಬಿ ಗುರಿಯಿಟ್ಟಿದ್ದೇವೆ. ಹಿತ್ತಲ ಬಾಗಿಲಿಗೆ ಅಗುಳಿ ಹಾಕದೆ, ಕಣ್ಣಿಗೆ ಕನ್ನಡಕವಿಲ್ಲದೆ ಯಾರೂ ಪಿಸ್ತೂಲು ಮುಟ್ಟುವಂತಿಲ್ಲ. ಗುಂಡು ಸೀಸದ್ದು, ಆದ್ದರಿಂದ ಕೈ ತೊಳೆಯದೆ ತಿಂಡಿಯೂ ಇಲ್ಲ.

ಕಳೆದ ಭಾನುವಾರ ಅವಳು ನಲವತ್ತು ಗುಂಡು ಹಾರಿಸಿದಳು. ಮೂವತ್ತೊಂದು ಕಪ್ಪಿನೊಳಗಿದ್ದವು. ಉಳಿದ ಒಂಬತ್ತರಲ್ಲಿ ಏಳು ಬಲಕ್ಕೆ ಬಿದ್ದಿದ್ದವು. ಕೈಯನ್ನು ನೋಡಿದೆ: ಈ ನಾಲ್ಕು ತಿಂಗಳಲ್ಲಿ ಬೆರಳು ಬೆಳೆದಿದೆ, ಎಂ-ಸೀಲಿನ ಉಬ್ಬು ಅಂಗೈಯನ್ನು ಒತ್ತುತ್ತಿದೆ. ಅರ ಹುಡುಕಿ ಇಟ್ಟಿದ್ದೇನೆ.